ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್: ಆಯ್ಕೆ ಮತ್ತು ಅಳವಡಿಕೆ



ಮನೆಯ ಮೂಲೆಯಲ್ಲಿ ಹತ್ತು ಹನ್ನೆರಡು ವರ್ಷದ ಹಳೆಯ ಲ್ಯಾಪ್‌ಟಾಪೊಂದು ಬಿದ್ದಿದೆ, ಅದನ್ನು ಗುಜರಿಗೆ ಹಾಕಬೇಕೇ, ಇಲ್ಲವೇ ಇನ್ನೂ ನಾಲ್ಕು ವರ್ಷ ದುಡಿಸಬಹುದೇ ಎಂದು ಹಲವರು ನಮ್ಮನ್ನು ಕೇಳಿದ್ದಾರೆ. ತೋಡೂರು, ಅಮದಳ್ಳಿ, ಹಾರವಾಡ, ಬೆಲೆಕೇರಿ ಕಡೆಯಿರಲಿ, ಅಂಕೋಲೆಯ ಮೇಲ್ಗಡೆಯ ತೋಟದ ಊರುಗಳಿರಲಿ, ಇಂಥ ಯಂತ್ರಗಳ ಕಥೆ ಬಹುಮಟ್ಟಿಗೆ ಒಂದೇ. ಮಗನೋ ಮಗಳೋ ಕಾಲೇಜಿಗೆ ಹೋಗುವಾಗ ಕೊಂಡದ್ದು. ಅವರು ಗೋವಾಕ್ಕೋ ಬೆಂಗಳೂರಿಗೋ ನೌಕರಿಗೆ ಹೋದ ಮೇಲೆ ತೋಟದ ಲೆಕ್ಕ ಬರೆಯಲು ಯಜಮಾನರ ಪಾಲಿಗೆ ಬಂದದ್ದು. ಗುಂಡಿ ಒತ್ತಿ ಚಹಾ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ.

ನಿಧಾನವಷ್ಟೇ ತೊಂದರೆಯಾಗಿದ್ದರೆ ಸಹಿಸಬಹುದಿತ್ತು. ನಿಜವಾದ ಅಪಾಯ ಬೇರೆ. ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 7ಕ್ಕೆ ಕೊಡುತ್ತಿದ್ದ ಆಸರೆಯನ್ನು 2020ರ ಜನವರಿ 14ರಂದು ನಿಲ್ಲಿಸಿತು. ವಿಂಡೋಸ್ 8.1ಕ್ಕೆ 2023ರ ಜನವರಿ 10ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಅದೇ ಗತಿಯಾಯಿತು. ವಿಂಡೋಸ್ 10 ಇದ್ದವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಮಾತ್ರ ಭದ್ರತೆಯ ತೇಪೆಗಳು ಸಿಗುವ ಏರ್ಪಾಡು ಮಾಡಿದ್ದಾರೆ. ಆಸರೆ ನಿಂತ ಮೇಲೂ ಯಂತ್ರ ನಡೆಯುತ್ತದೆ, ಆದರೆ ಹೊಸದಾಗಿ ಕಂಡ ತೂತುಗಳನ್ನು ಯಾರೂ ಮುಚ್ಚುವುದಿಲ್ಲ. ಬೇಲಿ ಬಿದ್ದಲ್ಲಿ ಬಿದ್ದೇ ಇರುತ್ತದೆ. ಹಾಗಿದ್ದರೆ ವಿಂಡೋಸ್ 11 ಹಾಕೋಣವೆಂದರೆ, ಅದು ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಳೆಯ ಪ್ರೊಸೆಸರುಗಳನ್ನೂ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಯಂತ್ರಗಳನ್ನೂ ಒಪ್ಪುವುದಿಲ್ಲ. ಅಡ್ಡದಾರಿಗಳುಂಟು, ಅವನ್ನು ನಾವು ಹೇಳಿಕೊಡಲಾರೆವು.

ನಮ್ಮ ಬ್ಯಾಂಕು ಖಾತೆ ನೋಡುವುದು, ಭೂಮಿ ತಾಣದಿಂದ ಪಹಣಿ ತೆಗೆಯುವುದು, ಬೆಳೆ ವಿಮೆಯ ಅರ್ಜಿ ಎಲ್ಲಿಗೆ ಬಂತೆಂದು ‘ಸಂರಕ್ಷಣೆ’ಯಲ್ಲಿ ಹುಡುಕುವುದು ಎಲ್ಲವೂ ಇದೇ ಯಂತ್ರದಲ್ಲಿ. ಅಡಿಕೆ ಮಾರಿದ ಹಣ ಇಡೀ ವರ್ಷಕ್ಕೆ ಒಂದೆರಡು ಸಲ ಖಾತೆಗೆ ಬರುವಂಥದ್ದು. ಆ ಖಾತೆಯ ಗುಪ್ತಪದವನ್ನು ಬಾಗಿಲಿಲ್ಲದ ಯಂತ್ರದಲ್ಲಿ ಒತ್ತುವುದು ಸರಿಯಲ್ಲ. ಪೇಟೆಯ ಅಂಗಡಿಯಲ್ಲಿ ಕೆಲವರು ಅಗ್ಗಕ್ಕೆ ಹಾಕಿಸಿಕೊಂಡು ಬರುವ ‘ಕ್ರ್ಯಾಕ್’ ಮಾಡಿದ ವಿಂಡೋಸ್ ಇದಕ್ಕಿಂತಲೂ ಕೆಟ್ಟದ್ದು; ಬೀಗ ಒಡೆದವನು ಒಳಗೆ ಇನ್ನೇನು ಇಟ್ಟುಹೋಗಿದ್ದಾನೆಂದು ತಿಳಿಯುವ ಬಗೆಯಿಲ್ಲ.

ಈ ಇಕ್ಕಟ್ಟಿಗೆ ಕಾನೂನುಬದ್ಧವೂ ಖರ್ಚಿಲ್ಲದ್ದೂ ಆದ ಒಂದು ದಾರಿ ಲಿನಕ್ಸ್. ಇದನ್ನು 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದರು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಘೋಷಿಸಿದ್ದ ‘ಗ್ನೂ’ ಯೋಜನೆಯ ಸಲಕರಣೆಗಳೊಡನೆ ಅದು ಕೂಡಿಕೊಂಡು ಪೂರ್ಣ ಕಾರ್ಯಾಚರಣೆ ವ್ಯವಸ್ಥೆಯಾಯಿತು. ಯಾರು ಬೇಕಾದರೂ ಬಳಸಬಹುದು, ನಕಲು ಮಾಡಿ ನೆರೆಮನೆಗೆ ಕೊಡಬಹುದು, ತಿದ್ದಲೂ ಬಹುದು. ಸಹಕಾರಿ ಸಂಘದ ಸದಸ್ಯರಿಗೆ ಈ ಬಗೆಯ ಒಡೆತನ ಹೊಸದೇನಲ್ಲ.

ಹಳ್ಳಿಯವರ ಕೈಗೆ ಇದು ಒಗ್ಗೀತೇ ಎಂದು ಅನುಮಾನಪಡುವವರು ಕಾಸರಗೋಡಿನ ಕಡೆ ನೋಡಬೇಕು. ಅಡಿಕೆ ಬೆಳೆಗಾರರಿಗೆ ಕಾಸರಗೋಡು ಪರವೂರಲ್ಲ. ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಇರುವುದು ಅಲ್ಲಿ, 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಕರ್ನಾಟಕ–ಕೇರಳಗಳೆರಡರ ಬೆಳೆಗಾರರದು. ಕೇರಳ ಸರಕಾರ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಎಂಬ ಯೋಜನೆ ಆರಂಭಿಸಿ, ಮುಂದಿನ ವರ್ಷಗಳಲ್ಲಿ ತನ್ನ ಶಾಲೆಗಳ ಗಣಕಗಳನ್ನು ಲಿನಕ್ಸಿಗೆ ತಂದಿತು. 2017ರಲ್ಲಿ ಆ ಯೋಜನೆ ‘ಕೈಟ್’ ಎಂಬ ಸಂಸ್ಥೆಯಾಯಿತು. ಉಬುಂಟುವನ್ನು ಆಧರಿಸಿ ಅವರು ತಮ್ಮದೇ ಲಿನಕ್ಸ್ ಸಿದ್ಧಪಡಿಸಿ ಹಂಚುತ್ತಾರೆ. ಕಾಸರಗೋಡು, ಮಂಜೇಶ್ವರಗಳ ಕನ್ನಡ ಮಾಧ್ಯಮದ ಮಕ್ಕಳು ಗಣಕ ಕಲಿಯುವುದು ಇದರಲ್ಲೇ, ಅದೂ ಕನ್ನಡದ ಪಠ್ಯಪುಸ್ತಕ ಹಿಡಿದು. ಹತ್ತು ವರ್ಷದ ಹುಡುಗಿಗೆ ಸಾಧ್ಯವಾದದ್ದು ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಅಳತೆ ತಪ್ಪದೆ ಕಲಸುವ ಕೈಗಳಿಗೆ ಸಾಧ್ಯವಾಗದೆ ಏನು?

ಮೊದಲು ಯಂತ್ರದ ಪರೀಕ್ಷೆ

ಯಾವ ಲಿನಕ್ಸ್ ಎಂದು ಕೇಳುವ ಮೊದಲು ಯಾವ ಯಂತ್ರ ಎಂದು ನೋಡಿಕೊಳ್ಳತಕ್ಕದ್ದು. ಮಣ್ಣು ನೋಡದೆ ಸಸಿ ತರುವವರಿಲ್ಲ. ವಿಂಡೋಸ್ ಇನ್ನೂ ತೆರೆಯುವಂತಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂಬಲ್ಲಿಗೆ ಹೋಗಿ ಮೂರು ಸಂಗತಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿರಿ: ಪ್ರೊಸೆಸರಿನ ಹೆಸರು, ರ್‍ಯಾಮ್ ಎಷ್ಟು ಜಿಬಿ, ಮತ್ತು ಅದು 64 ಬಿಟ್‌ನದೋ 32 ಬಿಟ್‌ನದೋ. ಈ ಕಡೆಯ ಸಂಗತಿಯಲ್ಲಿ ಒಂದು ಸೂಕ್ಷ್ಮವಿದೆ. ‘32 ಬಿಟ್ ಆಪರೇಟಿಂಗ್ ಸಿಸ್ಟಮ್, ಎಕ್ಸ್64 ಪ್ರೊಸೆಸರ್’ ಎಂದು ಬರೆದಿದ್ದರೆ ಯಂತ್ರ 64 ಬಿಟ್‌ನದೇ. ಅದರಲ್ಲಿ ಹಾಕಿರುವ ವಿಂಡೋಸ್ ಮಾತ್ರ 32. ಅಂಥ ಯಂತ್ರಕ್ಕೆ ಧೈರ್ಯವಾಗಿ 64 ಬಿಟ್ ಲಿನಕ್ಸ್ ಹಾಕಬಹುದು. ಕೋರ್ 2 ಡುಯೋ ಕಾಲದ ಲ್ಯಾಪ್‌ಟಾಪುಗಳು ಸಹ 64 ಬಿಟ್‌ನವು. ನಿಜವಾದ 32 ಬಿಟ್ ಯಂತ್ರಗಳೆಂದರೆ 2008–10ರ ಸುಮಾರಿಗೆ ಬಂದ, ಅಂಗೈಯಗಲದ, ಆಟಂ ಪ್ರೊಸೆಸರಿನ ಕೆಲವು ನೆಟ್‌ಬುಕ್‌ಗಳು ಮತ್ತು ಅದಕ್ಕಿಂತ ಹಳೆಯವು.

ನೆಟ್‌ಬುಕ್ ಇದ್ದವರಿಗೆ ನೇರವಾಗಿ ಹೇಳಿಬಿಡುತ್ತೇವೆ. 32 ಬಿಟ್ ಯಂತ್ರಗಳ ಕಾಲ ಮುಗಿಯುತ್ತ ಬಂದಿದೆ. ಡೆಬಿಯನ್ ಎಂಬ ಹೆಸರಾಂತ ಲಿನಕ್ಸ್ 2025ರ ಆಗಸ್ಟಿನಲ್ಲಿ ಬಿಟ್ಟ 13ನೇ ಆವೃತ್ತಿಯಲ್ಲಿ 32 ಬಿಟ್‌ನ ಅಳವಡಿಕೆಯ ಸಾಧನವನ್ನು ಕೈಬಿಟ್ಟಿತು. ಹಿಂದಿನ 12ನೇ ಆವೃತ್ತಿಗೆ 2028ರ ಜೂನ್‌ವರೆಗೆ ದೀರ್ಘಾವಧಿಯ ಆಸರೆಯನ್ನು ಘೋಷಿಸಿದ್ದಾರೆ. ಅದನ್ನೋ, ಹಳೆಯ ಯಂತ್ರಗಳಿಗೆಂದೇ ಕಟ್ಟಿದ ಆಂಟಿಎಕ್ಸ್ ಎಂಬುದನ್ನೋ ಹಾಕಿ ಲೆಕ್ಕ ಬರೆಯಲು ಇಟ್ಟುಕೊಳ್ಳಬಹುದು. ಬ್ಯಾಂಕಿನ ಕೆಲಸಕ್ಕೆ ಬೇಡ. ಅದಕ್ಕಾಗಿ ಹಣ ಖರ್ಚುಮಾಡುವುದಂತೂ ಬೇಡವೇ ಬೇಡ.

ಇನ್ನುಳಿದ ಪಾಠಕ್ಕೆ ಮಾದರಿಯಾಗಿ ನಮ್ಮ ಕಡೆ ಬಹಳ ಕಾಣುವ ಒಂದು ಯಂತ್ರವನ್ನು ಇಟ್ಟುಕೊಳ್ಳೋಣ: 2012ರ ಸುಮಾರಿನದು, ಐ3 ಎರಡನೇ ಪೀಳಿಗೆಯ ಪ್ರೊಸೆಸರ್, 4 ಜಿಬಿ ರ್‍ಯಾಮ್, 500 ಜಿಬಿಯ ತಿರುಗುವ ಹಾರ್ಡ್ ಡಿಸ್ಕ್, ಬ್ಯಾಟರಿ ಅರ್ಧ ಸತ್ತದ್ದು. ಇದು ಒಳ್ಳೆಯ ಯಂತ್ರ. ಇದರ ಬುದ್ಧಿ ಮಂದವಾಗಿಲ್ಲ, ಕಾಲು ಮಾತ್ರ ಸೋತಿದೆ. ಆ ಕಾಲೆಂದರೆ ತಿರುಗುವ ಡಿಸ್ಕ್. ಅದನ್ನು ತೆಗೆದು 240 ಅಥವಾ 256 ಜಿಬಿಯ ಒಂದು ಎಸ್‌ಎಸ್‌ಡಿ ಕೂರಿಸಿದರೆ ಬೇರೆ ಯಾವ ರಿಪೇರಿಯಿಂದಲೂ ಬಾರದ ಚುರುಕು ಬರುತ್ತದೆ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಎಂದು ಕೇಳಿ ತರಬೇಕು. ಬಹುಪಾಲು ಹಳೆಯ ಲ್ಯಾಪ್‌ಟಾಪುಗಳಲ್ಲಿ ಕೆಳಗಿನ ಒಂದು ಮುಚ್ಚಳ, ನಾಲ್ಕಾರು ಸ್ಕ್ರೂ ಬಿಚ್ಚಿದರೆ ಡಿಸ್ಕ್ ಕೈಗೆ ಬರುತ್ತದೆ. ಬಿಚ್ಚುವ ಮೊದಲು ಚಾರ್ಜರ್ ಕಿತ್ತು ಬ್ಯಾಟರಿ ಹೊರತೆಗೆದಿರಬೇಕು. ರ್‍ಯಾಮ್ 4 ಜಿಬಿ ಇದ್ದರೆ ಸದ್ಯಕ್ಕೆ ನಡೆಯುತ್ತದೆ; 2 ಜಿಬಿ ಇದ್ದರೆ ಇನ್ನೊಂದು ತುಂಡು ಸೇರಿಸುವುದು ಲೇಸು. ಡಿಡಿಆರ್3 ಎಂದೂ ಡಿಡಿಆರ್3ಎಲ್ ಎಂದೂ ಎರಡು ಜಾತಿಯಿರುವುದರಿಂದ ಹಳೆಯ ತುಂಡನ್ನೇ ಅಂಗಡಿಗೆ ಒಯ್ದು ತೋರಿಸಿ ತರುವುದು ಕ್ಷೇಮ.

ಬ್ಯಾಟರಿ ಉಬ್ಬಿದೆಯೇ ಎಂದು ಇದೇ ಸಮಯದಲ್ಲಿ ನೋಡಿರಿ. ಉಬ್ಬಿದ್ದರೆ ತೆಗೆದು ದೂರವಿಡಿ, ಚುಚ್ಚುವುದು ಒತ್ತುವುದು ಮಾಡಬಾರದು. ಸಮುದ್ರದ ಉಪ್ಪುಗಾಳಿ, ಮಳೆಗಾಲದ ತೇವ, ಅಡಿಕೆ ಸುಲಿಯುವ ಜಾಗದ ಧೂಳು ಇವು ಮೂರೂ ಕೂಡಿ ನಮ್ಮ ಕಡೆಯ ಯಂತ್ರಗಳ ಫ್ಯಾನಿನಲ್ಲಿ ಒಂದು ಬಗೆಯ ನಮದೆಯನ್ನೇ ನೇಯ್ದಿರುತ್ತವೆ. ಮೃದುವಾದ ಕುಂಚದಿಂದ ಅದನ್ನು ತೆಗೆದರೆ ಯಂತ್ರದ ಕಾವು ಇಳಿಯುತ್ತದೆ. ವರ್ಷಗಟ್ಟಲೆ ಮುಚ್ಚಿಟ್ಟ ಲ್ಯಾಪ್‌ಟಾಪಿನ ಗಡಿಯಾರದ ಬಿಲ್ಲೆ ಸೆಲ್ ಸತ್ತಿರುವುದೂ ಉಂಟು. ಅದರ ಲಕ್ಷಣ ಹೀಗೆ: ತಾರೀಕು ಹತ್ತು ಹದಿನೈದು ವರ್ಷ ಹಿಂದಿನದು ತೋರಿಸುತ್ತದೆ, ಬ್ಯಾಂಕಿನ ತಾಣ ತೆರೆದರೆ ‘ಸುರಕ್ಷಿತವಲ್ಲ’ ಎಂದು ತಡೆಯುತ್ತದೆ. ದೋಷ ಬ್ಯಾಂಕಿನದೂ ಅಲ್ಲ, ಲಿನಕ್ಸಿನದೂ ಅಲ್ಲ. ತಾರೀಕು ಸರಿಪಡಿಸಿದರೆ ಮುಗಿಯಿತು.

ಯಾವ ಲಿನಕ್ಸ್?

ಲಿನಕ್ಸಿನಲ್ಲಿ ಹೊಸಬರು ಎಡವುವುದು ಇಲ್ಲಿಯೇ. ಬೀಜ ಒಂದೇ, ನರ್ಸರಿಗಳು ನೂರಾರು. ಒಂದೊಂದು ನರ್ಸರಿಯವರೂ ತಮ್ಮ ಕ್ರಮದಲ್ಲಿ ಬೆಳೆಸಿ, ಬೇರೆ ಬೇರೆ ಸಲಕರಣೆ ಜೊತೆಗಿಟ್ಟು ಹಂಚುತ್ತಾರೆ. ಇದಕ್ಕೆ ಡಿಸ್ಟ್ರೋ ಎನ್ನುತ್ತಾರೆ. ಉಬುಂಟು (2004ರಿಂದ), ಡೆಬಿಯನ್, ಫೆಡೋರಾ, ಮಿಂಟ್, ಲುಬುಂಟು ಮುಂತಾದ ಹೆಸರುಗಳನ್ನು ಕೇಳಿರುತ್ತೀರಿ. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ನಿನ ಮೇಲೆ ಕಟ್ಟಿದ ಬಾಸ್ ಲಿನಕ್ಸ್ ಕೂಡ ಉಂಟು. ಭಾರತೀಯ ಭಾಷೆಗಳಿಗೆ ಅದರಲ್ಲಿ ವಿಶೇಷ ಗಮನವಿದೆ.

ನಾವು ಸಣ್ಣ ಬೆಳೆಗಾರರಿಗೆ ಹೇಳುವುದು ಒಂದೇ ಹೆಸರು: ಲಿನಕ್ಸ್ ಮಿಂಟ್, ಅದರಲ್ಲಿಯೂ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ರೂಪ. ಕಾರಣಗಳನ್ನು ಹೇಳುತ್ತೇವೆ. ಪರದೆಯ ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ಬಲ ಮೂಲೆಯಲ್ಲಿ ಗಡಿಯಾರ. ವಿಂಡೋಸ್ 7 ಬಳಸಿದವರಿಗೆ ದಾರಿ ತಪ್ಪುವುದಿಲ್ಲ. ತಯಾರಕರೇ ಹೇಳುವಂತೆ ಇದಕ್ಕೆ ಕನಿಷ್ಠ 2 ಜಿಬಿ ರ್‍ಯಾಮ್ ಸಾಕು, 4 ಜಿಬಿ ಇದ್ದರೆ ಆರಾಮ. ಡಿಸ್ಕಿನಲ್ಲಿ 20 ಜಿಬಿ ಕನಿಷ್ಠ, 100 ಜಿಬಿ ಇದ್ದರೆ ಒಳ್ಳೆಯದು. 2024ರ ಜುಲೈನಲ್ಲಿ ಬಂದ 22ನೇ ಆವೃತ್ತಿಯ ಸಾಲಿಗೆ 2029ರವರೆಗೆ ಆಸರೆಯಿದೆ, ಎಂದರೆ ಮೂರು ನಾಲ್ಕು ಮಳೆಗಾಲ ನೆಮ್ಮದಿ. ಜೊತೆಯಲ್ಲೇ ಫೈರ್‌ಫಾಕ್ಸ್, ಪತ್ರ–ಲೆಕ್ಕಗಳಿಗೆ ಲಿಬ್ರೆಆಫೀಸ್ ಬರುತ್ತವೆ. ಇನ್ನೊಂದು ಕಾರಣ, ಬಹುಶಃ ಎಲ್ಲಕ್ಕಿಂತ ದೊಡ್ಡದು: ಇದನ್ನು ಬಳಸುವವರು ಬಹಳ. ನಡುವೆ ಸಿಕ್ಕಿಬಿದ್ದರೆ ಕೇಳಲು ಜನ ಸಿಗುತ್ತಾರೆ. ಅಪರೂಪದ ತಳಿ ತಂದು ಒಬ್ಬನೇ ಒದ್ದಾಡುವುದಕ್ಕಿಂತ ಊರವರೆಲ್ಲ ಬೆಳೆಯುವ ತಳಿ ವಾಸಿ. ಮೂರು ಡಿಸ್ಟ್ರೋಗಳನ್ನು ತಿಂಗಳಿಗೊಂದರಂತೆ ಬದಲಾಯಿಸುವ ಚಪಲ ಕೆಲವು ಹುಡುಗರಿಗಿರುತ್ತದೆ. ಅದು ಅವರ ಯಂತ್ರದಲ್ಲಿ ನಡೆಯಲಿ, ತೋಟದ ಲೆಕ್ಕವಿರುವ ಯಂತ್ರದಲ್ಲಿ ಬೇಡ.

ಯಾರು ಹಾಕಬಾರದು

ಇದನ್ನು ಹೇಳದೆ ಮುಂದೆ ಹೋಗುವುದು ಮೋಸವಾದೀತು. ಟ್ಯಾಲಿಯಲ್ಲಿ ಲೆಕ್ಕವಿಡುವವರು ಲಿನಕ್ಸಿಗೆ ಪೂರ್ತಿ ಬದಲಾಗಬಾರದು, ಟ್ಯಾಲಿ ವಿಂಡೋಸಿನದು. ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚಿನ ಯಂತ್ರ ಇಟ್ಟುಕೊಂಡು ಕೆಲಸ ಮಾಡುವವರು ತಮ್ಮ ಸಾಧನದ ತಯಾರಕರು ಲಿನಕ್ಸಿಗೆ ಚಾಲಕ ತಂತ್ರಾಂಶ ಕೊಡುತ್ತಾರೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ಸಂಘದ ಅಥವಾ ಸೊಸೈಟಿಯ ಕಚೇರಿಯ ಗಣಕಕ್ಕೆ ಆಡಳಿತದ ಒಪ್ಪಿಗೆಯಿಲ್ಲದೆ ಯಾರೂ ಕೈ ಹಚ್ಚಕೂಡದು.

ಪ್ರಿಂಟರಿನ ವಿಚಾರ ಮಿಶ್ರ. ಎಚ್‌ಪಿಯ ಹಲವು ಪ್ರಿಂಟರುಗಳು ಚುಚ್ಚಿದ ಕೂಡಲೇ ನಡೆಯುತ್ತವೆ. ಆದರೆ ನಮ್ಮಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸಿನೊಡನೆ ಬಹಳ ಹಟ ಮಾಡುವ ಪ್ರಾಣಿ. ನಡೆಸಿದವರಿದ್ದಾರೆ, ಹೊಸಬರಿಗೆ ಕಷ್ಟ. ಅದೊಂದೇ ಪ್ರಿಂಟರ್ ಇದ್ದವರು ಪಿಡಿಎಫ್ ಮಾಡಿ ಬೇರೆ ಯಂತ್ರದಿಂದ ಮುದ್ರಿಸಿಕೊಳ್ಳಲು ಸಿದ್ಧರಿರಬೇಕು.

ಹಳೆಯ ಕಡತಗಳನ್ನು ಉಳಿಸಿಕೊಳ್ಳುವುದು

ಈ ಪಾಠದ ಜೀವಾಳ ಇಲ್ಲಿದೆ. ಅಳವಡಿಕೆಯ ಹೊತ್ತಿನಲ್ಲಿ ಒಂದು ಪ್ರಶ್ನೆ ಬರುತ್ತದೆ, ಅದಕ್ಕೆ ಒಂದು ಉತ್ತರ ಕೊಟ್ಟರೆ ಡಿಸ್ಕಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಹತ್ತು ವರ್ಷದ ಕೂಲಿ ಲೆಕ್ಕ, ಚಾಲಿ ಮಾರಿದ ಬಿಲ್ಲುಗಳ ಪಟ್ಟಿ, ತೀರಿಹೋದ ಹಿರಿಯರ ಫೋಟೋ ಯಾವುದೂ ಮರಳಿ ಬಾರದು. ಆದುದರಿಂದ ನಕಲು ತೆಗೆಯದೆ ಪೆನ್‌ಡ್ರೈವ್ ಮುಟ್ಟಬಾರದು.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಇವನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲಿಸಿ. ಡಿ ಡ್ರೈವ್ ಎಂದು ಇನ್ನೊಂದು ಭಾಗವಿದ್ದರೆ ಅದನ್ನೂ ಬಿಡಬೇಡಿ. ‘ಸಿ ಮಾತ್ರ ಅಳಿಯುತ್ತದೆ, ಡಿ ಉಳಿಯುತ್ತದೆ’ ಎಂಬ ನಂಬಿಕೆ ವಿಂಡೋಸ್ ಹಾಕಿಸುವ ಕಾಲದ್ದು, ಇಲ್ಲಿ ನಡೆಯುವುದಿಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಗುಪ್ತಪದಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ನಕಲಾದ ಮೇಲೆ ಆ ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಚುಚ್ಚಿ ನಾಲ್ಕಾರು ಕಡತ ತೆರೆದು ನೋಡಬೇಕು. ತೆರೆಯದ ನಕಲು ನಕಲಲ್ಲ.

ಹೊಸ ಎಸ್‌ಎಸ್‌ಡಿ ಹಾಕುವವರಿಗೆ ಇಲ್ಲೊಂದು ದೊಡ್ಡ ಲಾಭವಿದೆ. ಹಳೆಯ ಡಿಸ್ಕನ್ನು ತೆಗೆದು ಹಾಗೆಯೇ ಇಟ್ಟುಬಿಡಬಹುದು. ಅದರ ಮೇಲೆ ಒಂದಕ್ಷರವೂ ಅಳಿಯುವುದಿಲ್ಲ. ಯುಎಸ್‌ಬಿ ಕೇಸ್ ಒಂದನ್ನು ತಂದು ಅದರಲ್ಲಿ ಕೂರಿಸಿದರೆ ಬೇಕಾದಾಗ ಚುಚ್ಚಿ ಓದಬಹುದು. ಲಿನಕ್ಸ್ ಒಗ್ಗದಿದ್ದರೆ ಅದನ್ನೇ ಮರಳಿ ಕೂರಿಸಿದರೆ ಹಳೆಯ ಯಂತ್ರ ಇದ್ದ ಹಾಗೇ ಎದ್ದು ನಿಲ್ಲುತ್ತದೆ. ಹಳೆಯ ತೋಟ ಕಡಿಯದೆ ನಡುವೆ ಅಡಿಸಸಿ ಹಾಕಿದ ಹಾಗೆ. ಹಣ ಹೊಂದುವವರು ಈ ದಾರಿಯನ್ನೇ ಹಿಡಿಯಲಿ ಎಂಬುದು ನಮ್ಮ ಅಭಿಪ್ರಾಯ.

ಕನ್ನಡದ ಕಡತಗಳಿಗೆ ಇನ್ನೊಂದು ಎಚ್ಚರಿಕೆ ಬೇಕು. ನುಡಿ, ಬರಹಗಳ ಹಳೆಯ ರೀತಿಯಲ್ಲಿ ಟೈಪು ಮಾಡಿದ ಪತ್ರಗಳು ಯೂನಿಕೋಡಿನವಲ್ಲ. ಅವು ಒಳಗೆ ಇಂಗ್ಲಿಷ್ ಅಕ್ಷರಗಳೇ. ನುಡಿಯ ಫಾಂಟ್ ಮೇಲೆ ಹೊದಿಸಿದಾಗ ಮಾತ್ರ ಕನ್ನಡವಾಗಿ ಕಾಣುತ್ತವೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀಚುಗಳು. ಆದುದರಿಂದ ವಿಂಡೋಸಿನ ಫಾಂಟ್ಸ್ ಕೋಶದಿಂದ ನುಡಿ, ಬರಹದ ಫಾಂಟುಗಳನ್ನೂ ನಕಲಿಸಿಟ್ಟುಕೊಳ್ಳಿ. ಲಿನಕ್ಸಿನಲ್ಲಿ ನಿಮ್ಮ ಹೋಮ್ ಕೋಶದೊಳಗೆ, ಮೊದಲೊಂದು ಚುಕ್ಕೆ ಹಾಕಿ ಇಂಗ್ಲಿಷಿನಲ್ಲಿ ಫಾಂಟ್ಸ್ ಎಂಬ ಹೆಸರಿನ ಕೋಶ ಮಾಡಿ ಅದರಲ್ಲಿ ಇವನ್ನು ಹಾಕಿದರೆ ಲಿಬ್ರೆಆಫೀಸಿನಲ್ಲಿ ಹಳೆಯ ಪತ್ರಗಳು ಓದಲು ಬರುತ್ತವೆ. ಬಿಡುವಾದಾಗ ಮುಖ್ಯವಾದವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬಹುದು; ಅದಕ್ಕೆ ಉಚಿತ ಸಾಧನಗಳಿವೆ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವೊತ್ತು, ಅಂಕಿಗಳನ್ನು ಒಂದು ಸಲ ಕಣ್ಣಾಡಿಸಿ ನೋಡಬೇಕು.

ಪೆನ್‌ಡ್ರೈವ್ ತಯಾರಿ ಮತ್ತು ಪ್ರಯೋಗ

ಮಿಂಟಿನ ಕಡತ ಸುಮಾರು 3 ಜಿಬಿ ತೂಗುತ್ತದೆ. ಸಿಗ್ನಲ್ ಬಂದು ಹೋಗುವ ಮನೆಯಲ್ಲಿ ಕೂತು ಇಳಿಸುವುದಕ್ಕಿಂತ ಕಾರವಾರಕ್ಕೋ ಅಂಕೋಲೆಗೋ ಹೋದಾಗ ಇಳಿಸಿಕೊಳ್ಳುವುದು ಸುಲಭ. ಮಿಂಟಿನ ಸ್ವಂತ ತಾಣದಿಂದಲೇ ಇಳಿಸಬೇಕು. ಅಲ್ಲಿ ಕಡತದ ಪಕ್ಕದಲ್ಲಿ ಎಸ್‌ಎಚ್‌ಎ256 ಎಂಬ ಉದ್ದನೆಯ ತಾಳೆಸಂಖ್ಯೆ ಕೊಟ್ಟಿರುತ್ತಾರೆ. ನಮ್ಮ ಕಡತದ ಸಂಖ್ಯೆ ಅದಕ್ಕೆ ಸರಿಹೊಂದಿದರೆ ಅರ್ಧ ಇಳಿದದ್ದೋ ಕಲಬೆರಕೆಯೋ ಅಲ್ಲವೆಂದು ಖಾತ್ರಿ. ತೂಕದ ಚೀಟಿ ನೋಡದೆ ಮಾಲು ಇಳಿಸಿಕೊಳ್ಳುವ ಅಭ್ಯಾಸ ನಮಗಿಲ್ಲವಷ್ಟೆ.

ಆ ಕಡತವನ್ನು ಪೆನ್‌ಡ್ರೈವಿಗೆ ಬರಿದೆ ನಕಲಿಸಿದರೆ ಸಾಲದು. 8 ಜಿಬಿಯ ಖಾಲಿ ಪೆನ್‌ಡ್ರೈವ್ ಹಾಕಿ, ರೂಫಸ್ ಅಥವಾ ಬಲೇನಾ ಎಚರ್ ಎಂಬ ಉಚಿತ ತಂತ್ರಾಂಶದಿಂದ ‘ಬರೆಯಬೇಕು’. ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಇದರಿಂದ ಅಳಿಯುತ್ತದೆ. ಮದುವೆ ಫೋಟೋ ಇರುವ ಪೆನ್‌ಡ್ರೈವ್ ತರಬೇಡಿ.

ಲ್ಯಾಪ್‌ಟಾಪ್ ಪೂರ್ತಿ ಆರಿಸಿ, ಪೆನ್‌ಡ್ರೈವ್ ಚುಚ್ಚಿ, ಗುಂಡಿ ಒತ್ತಿದ ಕೂಡಲೇ ಬೂಟ್ ಮೆನುವಿನ ಕೀಲಿಯನ್ನು ಪಟಪಟನೆ ಒತ್ತುತ್ತಿರಬೇಕು. ಡೆಲ್, ಲೆನೊವೋಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ನಡೆಯದಿದ್ದರೆ ಎಫ್2 ಒತ್ತಿ ಒಳಹೋಗಿ ಆ ಮೆನುವನ್ನು ಚಾಲೂ ಮಾಡಿಕೊಳ್ಳಬೇಕಾಗುತ್ತದೆ. ವಿಂಡೋಸ್ 8 ಅಥವಾ 10 ಇದ್ದ ಯಂತ್ರವನ್ನು ಆರಿಸುವಾಗ ಶಿಫ್ಟ್ ಕೀಲಿ ಹಿಡಿದುಕೊಂಡು ಶಟ್‌ಡೌನ್ ಒತ್ತಿರಿ. ಇಲ್ಲವಾದರೆ ಅದು ಪೂರ್ತಿ ಮಲಗದೆ ಅರೆನಿದ್ರೆಯಲ್ಲಿರುತ್ತದೆ, ಡಿಸ್ಕನ್ನು ಬಿಟ್ಟುಕೊಡುವುದಿಲ್ಲ.

ಮಿಂಟ್ ಪೆನ್‌ಡ್ರೈವಿನಿಂದಲೇ ತೆರೆದುಕೊಳ್ಳುತ್ತದೆ. ಈಗ ಡಿಸ್ಕಿಗೆ ಏನೂ ಆಗಿಲ್ಲ, ಅವಸರವಿಲ್ಲ. ಒಂದು ಗಂಟೆ ಹೀಗೆಯೇ ಬಳಸಿ ನೋಡಿರಿ. ಸದ್ದು ಬರುತ್ತದೆಯೇ, ಟಚ್‌ಪ್ಯಾಡ್ ನಡೆಯುತ್ತದೆಯೇ, ಪರದೆಯ ಬೆಳಕು ಹೆಚ್ಚು ಕಡಿಮೆಯಾಗುತ್ತದೆಯೇ, ಪ್ರಿಂಟರ್ ಕಾಣಿಸುತ್ತದೆಯೇ, ವೈಫೈ ಸಿಗುತ್ತದೆಯೇ. ಬ್ರಾಡ್‌ಕಾಂ ವೈಫೈ ಚಿಪ್ ಇರುವ ಕೆಲವು ಹಳೆಯ ಯಂತ್ರಗಳಲ್ಲಿ ವೈಫೈ ಮೊದಲಿಗೆ ಕಾಣುವುದಿಲ್ಲ. ಗಾಬರಿ ಬೇಡ. ಮೊಬೈಲನ್ನು ಚಾರ್ಜಿಂಗ್ ವಯರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿದರೆ ಅಂತರ್ಜಾಲ ಬರುತ್ತದೆ. ಅಳವಡಿಕೆ ಮುಗಿದ ಮೇಲೆ ‘ಡ್ರೈವರ್ ಮ್ಯಾನೇಜರ್’ ತೆರೆದು ಬೇಕಾದ ಚಾಲಕವನ್ನು ಹಾಕಿಕೊಳ್ಳಬಹುದು. ಪ್ರಯೋಗದಲ್ಲಿ ಯಾವುದು ನಡೆಯಲಿಲ್ಲವೋ ಅದು ಅಳವಡಿಸಿದ ಮೇಲೆ ತಾನಾಗಿ ನಡೆದೀತೆಂದು ನಂಬಿ ಕೂರಬಾರದು, ಮೊದಲೇ ವಿಚಾರಿಸಬೇಕು.

ಅಳವಡಿಕೆ

ಪೆನ್‌ಡ್ರೈವಿನಿಂದ ಓಡುವಾಗ ಸ್ವಲ್ಪ ನಿಧಾನವಿರುತ್ತದೆ, ಅದನ್ನು ನೋಡಿ ನಿರಾಶರಾಗಬೇಡಿ. ಬ್ಯಾಟರಿ ಸತ್ತ ಯಂತ್ರಕ್ಕೆ ಇನ್ವರ್ಟರ್ ಅಥವಾ ಯುಪಿಎಸ್ ಲೈನಿನಿಂದ ವಿದ್ಯುತ್ ಕೊಡುವುದು ಕಡ್ಡಾಯ. ಆಷಾಢದ ಗಾಳಿಮಳೆಯಲ್ಲಿ ನಡುವೆ ಕರೆಂಟು ಹೋದರೆ ಅರೆಬೆಂದ ಅನ್ನದ ಸ್ಥಿತಿಯಾಗುತ್ತದೆ.

ಪರದೆಯ ಮೇಲಿನ ‘ಇನ್‌ಸ್ಟಾಲ್ ಲಿನಕ್ಸ್ ಮಿಂಟ್’ ಒತ್ತಿದರೆ ಪ್ರಶ್ನೆಗಳು ಒಂದೊಂದಾಗಿ ಬರುತ್ತವೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆದರೆ ಅನುವಾದ ಎಲ್ಲ ಕಡೆ ಪೂರ್ಣವಾಗಿಲ್ಲದ ಕಾರಣ ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಕಾಣುತ್ತದೆ. ಮೊದಲ ಸಲ ಇಂಗ್ಲಿಷನ್ನೇ ಇಟ್ಟುಕೊಂಡರೆ ಬೇರೆಯವರಿಗೆ ಫೋನಿನಲ್ಲಿ ಹೇಳಿ ಕೇಳಲು ಅನುಕೂಲ. ಭಾಷೆಯನ್ನು ಆಮೇಲೆ ಬದಲಿಸಬಹುದು. ಕೀಲಿಮಣೆ ಇಂಗ್ಲಿಷ್ ಯುಎಸ್. ಮಲ್ಟಿಮೀಡಿಯಾ ಕೋಡೆಕ್ ಎಂಬ ಚೌಕಕ್ಕೆ ಗುರುತು ಹಾಕಿ, ಹಾಡು ವಿಡಿಯೋಗಳಿಗೆ ಬೇಕು.

ಆಮೇಲೆ ಬರುವುದೇ ಆ ಪ್ರಶ್ನೆ. ‘ಇನ್‌ಸ್ಟಾಲ್ ಅಲಾಂಗ್‌ಸೈಡ್’ ಎಂದರೆ ವಿಂಡೋಸನ್ನು ಉಳಿಸಿಕೊಂಡು ಪಕ್ಕದಲ್ಲಿ ಹಾಕುವುದು. ‘ಇರೇಸ್ ಡಿಸ್ಕ್’ ಎಂದರೆ ಎಲ್ಲ ಅಳಿಸಿ ಹಾಕುವುದು. ‘ಸಮ್‌ಥಿಂಗ್ ಎಲ್ಸ್’ ಬಲ್ಲವರಿಗೆ. ಹೊಸ ಎಸ್‌ಎಸ್‌ಡಿ ಹಾಕಿದ್ದರೆ ಎರಡನೆಯದನ್ನೇ ಒತ್ತಬಹುದು, ಅಳಿಯಲು ಅಲ್ಲಿ ಏನೂ ಇಲ್ಲ. ಆದರೆ ಆ ಹೊತ್ತಿನಲ್ಲಿ ನಕಲು ತೆಗೆದ ಹೊರಗಿನ ಡಿಸ್ಕ್ ಲ್ಯಾಪ್‌ಟಾಪಿಗೆ ಚುಚ್ಚಿಕೊಂಡಿರಲೇಬಾರದು. ತಪ್ಪು ಡಿಸ್ಕ್ ಆಯ್ದುಕೊಂಡು ನಕಲನ್ನೇ ಅಳಿಸಿಕೊಳ್ಳುವುದಕ್ಕೆ ಒಂದು ಕ್ಲಿಕ್ ಸಾಕು. ಹಳೆಯ ಡಿಸ್ಕಿನಲ್ಲೇ ಹಾಕುವವರು, ಟ್ಯಾಲಿಯಂಥ ಕಾರಣ ಇಲ್ಲದಿದ್ದರೆ, ಎರಡನ್ನೂ ಅಕ್ಕಪಕ್ಕ ಇಡುವ ಗೊಡವೆಗೆ ಹೋಗಬೇಡಿ. 4 ಜಿಬಿಯ ಯಂತ್ರದಲ್ಲಿ ಎರಡು ಸಂಸಾರ ಕಷ್ಟ; ಅಲ್ಲದೆ ವಿಂಡೋಸ್ ಇರುವವರೆಗೆ ಕೈ ಅಲ್ಲಿಗೇ ಹೋಗುತ್ತದೆ.

ಊರು ಕೋಲ್ಕತ್ತಾ ಎಂದು ತೋರಿಸುತ್ತದೆ, ಇಡೀ ಭಾರತದ ಸಮಯಕ್ಕೆ ಅದೇ ಹೆಸರು. ಕೊನೆಗೆ ಹೆಸರು, ಗುಪ್ತಪದ ಕೇಳುತ್ತದೆ. ಈ ಗುಪ್ತಪದವೇ ಯಂತ್ರದ ಕೀಲಿಕೈ, ಮುಂದೆ ಯಾವ ತಂತ್ರಾಂಶ ಹಾಕಬೇಕಾದರೂ ಬೇಕು. ಟೈಪು ಮಾಡುವಾಗ ಕ್ಯಾಪ್ಸ್ ಲಾಕ್ ಆರಿದೆಯೇ ನೋಡಿರಿ. ಎಸ್‌ಎಸ್‌ಡಿಯಲ್ಲಾದರೆ ಅರ್ಧ ಗಂಟೆಯೊಳಗೆ ಮುಗಿಯುವುದುಂಟು, ಹಳೆಯ ಡಿಸ್ಕಿನಲ್ಲಿ ಹೆಚ್ಚು ಹಿಡಿಯುತ್ತದೆ. ‘ರೀಸ್ಟಾರ್ಟ್’ ಎಂದಾಗ ಪೆನ್‌ಡ್ರೈವ್ ಕಿತ್ತು ಎಂಟರ್ ಒತ್ತಬೇಕು.

ಮೊದಲ ದಿನದ ಕೆಲಸಗಳು

ಕೆಳಗಿನ ಪಟ್ಟಿಯಲ್ಲಿ ಗುರಾಣಿಯಂಥ ಚಿತ್ರವಿದೆ, ಅದೇ ಅಪ್‌ಡೇಟ್ ಮ್ಯಾನೇಜರ್. ಅದನ್ನು ತೆರೆದು ಬಂದಿರುವ ತೇಪೆಗಳನ್ನೆಲ್ಲ ಹಾಕಿಸಿಕೊಳ್ಳಿ, ಮುಂದೆ ವಾರಕ್ಕೊಮ್ಮೆಯಾದರೂ. ಟೈಮ್‌ಶಿಫ್ಟ್ ಎಂಬುದನ್ನು ಒಮ್ಮೆ ಹೊಂದಿಸಿಟ್ಟರೆ ವ್ಯವಸ್ಥೆ ಕೆಟ್ಟಾಗ ಹಿಂದಿನ ಸ್ಥಿತಿಗೆ ಮರಳಬಹುದು. ಅದು ನಿಮ್ಮ ಫೋಟೋ, ಲೆಕ್ಕಗಳ ನಕಲು ಅಲ್ಲ ಎಂಬುದು ನೆನಪಿರಲಿ. ಅವುಗಳ ನಕಲು ಹೊರಗಿನ ಡಿಸ್ಕಿನಲ್ಲೇ ಇರಬೇಕು.

ಕನ್ನಡ ಟೈಪಿಂಗಿಗೆ ಏನನ್ನೂ ಕೊಳ್ಳಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್, ಲೇಔಟ್ ಎಂಬಲ್ಲಿ ಭಾರತದ ಪಟ್ಟಿಯಿಂದ ‘ಕನ್ನಡ, ಕಗಪ, ಫೋನೆಟಿಕ್’ ಎಂಬುದನ್ನು ಸೇರಿಸಿಕೊಳ್ಳಿ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಬಳಸುತ್ತಿದ್ದ ಕೀಲಿಮಣೆಯ ಬಳಗದ್ದೇ ಇದು. ನುಡಿ ಕಲಿತ ಬೆರಳುಗಳಿಗೆ ಹೊಸ ಪಾಠ ಹೆಚ್ಚು ಬೇಕಾಗುವುದಿಲ್ಲ. ಇಂಗ್ಲಿಷಿಗೂ ಕನ್ನಡಕ್ಕೂ ನಡುವೆ ದಾಟಲು ಒಂದು ಕೀಲಿಜೋಡಿಯನ್ನು ಅಲ್ಲಿಯೇ ಗೊತ್ತುಮಾಡಿಕೊಳ್ಳಬಹುದು. ಅಕ್ಷರಗಳು ಅಂದವಾಗಿ ಕಾಣದಿದ್ದರೆ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟುಗಳು ಸಿಗುತ್ತವೆ. ಈ ರೀತಿ ಟೈಪು ಮಾಡಿದ್ದೆಲ್ಲ ಯೂನಿಕೋಡ್. ವಾಟ್ಸಾಪಿಗೂ ಮಿಂಚಂಚೆಗೂ ಹಾಗೆಯೇ ಹೋಗುತ್ತದೆ.

ಎಕ್ಸೆಲ್‌ನಲ್ಲಿದ್ದ ಕೂಲಿ ಲೆಕ್ಕ, ಗೊಬ್ಬರದ ಲೆಕ್ಕ ಲಿಬ್ರೆಆಫೀಸ್ ಕ್ಯಾಲ್ಕಿನಲ್ಲಿ ತೆರೆಯುತ್ತದೆ. ಮ್ಯಾಕ್ರೋ ಬರೆದಿಟ್ಟ ಹಾಳೆಗಳು ಮಾತ್ರ ತಕರಾರು ಮಾಡಬಹುದು. ತೆರೆದ ಕೂಡಲೇ ಕೆಳಗಿನ ಮೊತ್ತವನ್ನು ಹಳೆಯ ಮುದ್ರಿತ ಪ್ರತಿಯೊಡನೆ ಒಮ್ಮೆ ತಾಳೆ ನೋಡಿಕೊಳ್ಳಿ.

4 ಜಿಬಿಯ ಯಂತ್ರದಲ್ಲಿ ಬ್ರೌಸರಿನ ಕಿಟಕಿಗಳನ್ನು ಇಪ್ಪತ್ತು ತೆರೆದಿಟ್ಟರೆ ಯಾವ ಲಿನಕ್ಸೂ ಓಡಲಾರದು. ನಾಲ್ಕೈದರಲ್ಲಿ ಮುಗಿಸಿಕೊಳ್ಳಬೇಕು. ಮಳೆಗಾಲದಲ್ಲಿ ಯಂತ್ರವನ್ನು ಕಪಾಟಿನಲ್ಲಿ ಮುಚ್ಚಿಡದೆ ಎರಡು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿದರೆ ಒಳಗಿನ ತೇವ ಆರುತ್ತದೆ. ಗುಡುಗು ಮಿಂಚು ಶುರುವಾದರೆ ಚಾರ್ಜರ್ ಕೀಳುವುದನ್ನು ಹೇಳಬೇಕಾಗಿಲ್ಲ.

ಮಿಂಟ್ ಎಕ್ಸ್‌ಎಫ್‌ಸಿಇ ಬರೆದ, ತಾಳೆಸಂಖ್ಯೆ ಪರೀಕ್ಷಿಸಿದ ಎರಡು ಪೆನ್‌ಡ್ರೈವ್‌ಗಳನ್ನು ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಸದಸ್ಯರು ಪುಸ್ತಕದಲ್ಲಿ ಸಹಿ ಮಾಡಿ ಒಂದು ವಾರದ ಮಟ್ಟಿಗೆ ಒಯ್ಯಬಹುದು. ಬರುವಾಗ ಪ್ರೊಸೆಸರ್, ರ್‍ಯಾಮ್, ಪ್ರಿಂಟರುಗಳ ಹೆಸರು ಬರೆದ ಚೀಟಿಯನ್ನು ಜೊತೆಗೆ ತನ್ನಿರಿ. ಯಾವ ಯಂತ್ರದಲ್ಲಿ ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಎಂಬ ಪಟ್ಟಿಯನ್ನು ಅದೇ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಬರೆದಿಡುತ್ತಿದ್ದೇವೆ.